ಚರಂಡಿ ಶುರುವಾಗೋದು ರಸ್ತೆ ಅಂಚಲ್ಲೇ

(ರಸ್ತೆ ಗುಡಿಸೋದು ಮತ್ತೆ ಮಳೆನೀರು ಚರಂಡಿ ನಿರ್ವಹಣೆ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಆದಷ್ಟು ಮಾತಾಡಿದ ಹಾಗೇ ಇಟ್ಟಿದೀನಿ, ಕೊನೇಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರ್ತೀನಿ. ಮಳೆ ಬಂದು ರಸ್ತೆಲಿ ನೀರು ನಿಂತಾಗ ನಾವೆಲ್ಲ ಮೊದಲು ಬೈಯೋದು ಚರಂಡಿನ. ಸಣ್ಣದಾಯ್ತು, ಕಟ್ಕೊಂಡಿದೆ, ಒಡೆದು ಹೊಸದು ಮಾಡ್ಬೇಕು ಅಂತ. ಆ ಹೊತ್ತಲ್ಲಿ ರಸ್ತೆ ಗುಡಿಸೋರು ಯಾರ ನೆನಪಿಗೂ ಬರಲ್ಲ, ಯಾಕಂದ್ರೆ ಗುಡಿಸೋದು ಅಂದ್ರೆ ರಸ್ತೆ ನೋಡಕ್ಕೆ ಚೆನ್ನಾಗಿರ್ಲಿ ಅಂತ ಮಾಡೋ ಕೆಲಸ, ಚರಂಡಿ ಅಂದ್ರೆ ಇಂಜಿನಿಯರ್‌ಗಳ ಕೆಲಸ ಅಂತ ನಮ್ಮ ತಲೇಲಿ ಕೂತ್ಬಿಟ್ಟಿದೆ. ಆಡಳಿತದಲ್ಲೂ ಬಹಳ ಕಡೆ ಹಾಗೇ ಇರತ್ತೆ, ಗುಡಿಸೋದು ಒಂದು ವಿಭಾಗ, ಚರಂಡಿ ಇನ್ನೊಂದು ವಿಭಾಗ, ಬಜೆಟ್ ಬೇರೆ, ಟೆಂಡರ್ ಬೇರೆ, ಒಬ್ರ ರಿಜಿಸ್ಟರನ್ನ ಇನ್ನೊಬ್ರು ತೆಗೆದು ನೋಡೋದೇ ಇಲ್ಲ. ನಾನಿವತ್ತು ಹೇಳಕ್ಕೆ ಬಂದಿರೋದು ಒಂದೇ ಮಾತು, ಇವೆರಡೂ ಒಂದೇ ಕೆಲಸದ ಎರಡು ತುದಿ. ಒಣಗಿದ್ದಾಗ ಪೊರಕೆಯಿಂದ ಎತ್ತಬಹುದಾಗಿದ್ದ ಮಣ್ಣನ್ನ ಬಿಟ್ರೆ, ಅದೇ ಮಣ್ಣನ್ನ ಆಮೇಲೆ ಪೈಪ್ ಒಳಗಿಂದ, ನೀರಲ್ಲಿ, ಕತ್ತಲಲ್ಲಿ, ಕೊಳೆತ ಮೇಲೆ ತೆಗೀಬೇಕಾಗತ್ತೆ. ಖರ್ಚು ಜಾಸ್ತಿ ಅನ್ನೋದು ಹಾಗಿರ್ಲಿ, ಅಲ್ಲಿ ಮನುಷ್ಯರ ಜೀವದ ಪ್ರಶ್ನೆ ಬರತ್ತೆ.

ಮೊದಲು ರಸ್ತೆ ಮೇಲೆ ಕೊಳೆ ಎಲ್ಲಿರತ್ತೆ ಅನ್ನೋದನ್ನ ನೋಡೋಣ. ರಸ್ತೆ ಮಧ್ಯದಲ್ಲಿ ಇರಲ್ಲ. ಗಾಡಿಗಳ ಓಡಾಟದ ಗಾಳಿಗೆ ಧೂಳು ಪಕ್ಕಕ್ಕೆ ಹೋಗತ್ತೆ, ರಸ್ತೆಗೆ ಎರಡೂ ಕಡೆ ಸ್ವಲ್ಪ ಇಳಿಜಾರು ಕೊಟ್ಟಿರ್ತಾರೆ, ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು, ಹಾಗಾಗಿ ನೀರು ಹರಿದಾಗ ಮಿಕ್ಕಿದ್ದೂ ಅಂಚಿಗೇ ಬರತ್ತೆ, ಫುಟ್‌ಪಾತ್ ಕಲ್ಲು ಅಲ್ಲಿ ಗೋಡೆ ಥರ ತಡೆದು ನಿಲ್ಸತ್ತೆ. 1972ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸ್ತು, ಸಾರ್ಟರ್ ಮತ್ತೆ ಬಾಯ್ಡ್ ಅನ್ನೋ ಇಬ್ರು ಮಾಡಿದ್ದು, ಹಲವು ನಗರಗಳ ರಸ್ತೆಯ ಕೊಳೆಯನ್ನ ಎತ್ತಿ, ಜರಡಿ ಹಿಡಿದು, ತೂಕ ಮಾಡಿ ನೋಡಿದ್ರು. ಕೊಳೆಯ ಬಹುಪಾಲು ಅಂಚಿನಿಂದ ಒಂದು ಮೀಟರ್ ಒಳಗೇ ಇತ್ತು. ಅಂದ್ರೆ ಗುಡಿಸೋ ಕೆಲಸ ಅಂದ್ರೆ ನಿಜವಾಗಿ ಆ ಒಂದು ಮೀಟರ್ ಪಟ್ಟಿಯ ಕೆಲಸ. ಈಗ ಅದೇ ಒಂದು ಮೀಟರ್ ಮೇಲೆ ನಾವು ಏನ್ ನಿಲ್ಸಿರ್ತೀವಿ? ಕಾರು, ಬೈಕು. ಇದಕ್ಕೋಸ್ಕರಾನೇ ನ್ಯೂಯಾರ್ಕ್‌ನಲ್ಲಿ 1950ರಲ್ಲಿ ದಿನ ಬಿಟ್ಟು ದಿನ ರಸ್ತೆಯ ಒಂದೊಂದು ಬದಿ ಖಾಲಿ ಮಾಡಿಸೋ ಪಾರ್ಕಿಂಗ್ ನಿಯಮ ತಂದಿದ್ದು, ಗುಡಿಸೋ ಗಾಡಿ ಅಂಚಿಗೆ ಹೋಗ್ಲಿ ಅಂತ. ಪಾರ್ಕಿಂಗ್ ನಿಯಮ ಇಲ್ಲದೆ ಕೋಟಿಗಟ್ಟಲೆ ಕೊಟ್ಟು ಸ್ವೀಪಿಂಗ್ ಮಷೀನ್ ತಗೊಂಡ್ರೆ ಅದು ಕ್ಲೀನ್ ಇರೋ ಮಧ್ಯದ ರಸ್ತೆನೇ ಮತ್ತೆ ಕ್ಲೀನ್ ಮಾಡ್ಕೊಂಡು ಹೋಗತ್ತೆ, ನನಗೆ ಇದು ನೋಡಿದಾಗೆಲ್ಲ ಬೇಜಾರಾಗತ್ತೆ.

ಆ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ನಾನು ಎಲ್ಲಿ ಮಾತಾಡಿದ್ರೂ ಇದನ್ನ ಹೇಳ್ತೀನಿ. 43 ಮೈಕ್ರಾನ್‌ಗಿಂತ ಸಣ್ಣ ಧೂಳು, ಅಂದ್ರೆ ಮುಖಕ್ಕೆ ಹಚ್ಕೊಳೋ ಪೌಡರ್‌ನಷ್ಟು ನುಣುಪು, ಅದು ಒಟ್ಟು ತೂಕದಲ್ಲಿ ಶೇಕಡಾ 6 ಕೂಡ ಇರ್ಲಿಲ್ಲ. ಆದ್ರೆ ಸೀಸ, ಸತು ಥರದ ಭಾರಲೋಹಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಚೂರು ಧೂಳಲ್ಲೇ ಇತ್ತು. ಆ ಕಾಲದ ಬ್ರಷ್ ಮಷೀನ್‌ಗಳು ಒಟ್ಟು ಕೊಳೆಯಲ್ಲಿ ಸುಮಾರು ಅರ್ಧ ಎತ್ತುತಿದ್ವು, ಈ ನುಣುಪು ಧೂಳಲ್ಲಿ ಮಾತ್ರ ಶೇಕಡಾ 15ರಷ್ಟೇ. ಕಲ್ಲು, ಎಲೆ, ಪ್ಲಾಸ್ಟಿಕ್ ಎತ್ತಿದ್ವು, ವಿಷ ಬಿಟ್ಟೋದ್ವು. ಆಮೇಲೆ 1983ರಲ್ಲಿ ಅಮೆರಿಕದಲ್ಲೇ ನಗರಗಳ ಮಳೆನೀರಿನ ಬಗ್ಗೆ ದೇಶದ ಮಟ್ಟದ ಒಂದು ದೊಡ್ಡ ವರದಿ ಬಂತು, ಅದರಲ್ಲಿ ರಸ್ತೆ ಗುಡಿಸೋದ್ರಿಂದ ಹರಿಯೋ ನೀರಿನ ಗುಣಮಟ್ಟ ಅಷ್ಟೇನೂ ಸುಧಾರಿಸಲ್ಲ ಅಂತಾನೇ ಬರೆದ್ರು. ಈ ವರದಿ ಹಿಡ್ಕೊಂಡು ಗುಡಿಸೋ ಬಜೆಟ್ ಕಡಿಮೆ ಮಾಡ್ಬಹುದು ಅನ್ನೋರು ಇದಾರೆ, ನಾನು ಒಪ್ಪಲ್ಲ. ಅವರು ಅಳೆದಿದ್ದು ಆಗಿನ ಬ್ರಷ್ ಮಷೀನನ್ನ. ಆಮೇಲೆ ಗಾಳಿ ಊದಿ ಎಬ್ಬಿಸಿ ಹೀರಿಕೊಳ್ಳೋ ಮಷೀನ್‌ಗಳು, ವ್ಯಾಕ್ಯೂಮ್ ಮಷೀನ್‌ಗಳು ಬಂದ್ವು, ಅವು ಸಣ್ಣ ಧೂಳನ್ನ ಬಹಳ ಚೆನ್ನಾಗಿ ಎತ್ತುತವೆ, ಗಂಟೆಗೆ ಐದರಿಂದ ಎಂಟು ಕಿಲೋಮೀಟರ್ ವೇಗದಲ್ಲಿ ನಿಧಾನಕ್ಕೆ ಹೋದ್ರೆ. ಡ್ರೈವರ್‌ಗೆ ದಿನಕ್ಕೆ ಇಷ್ಟು ಕಿಲೋಮೀಟರ್ ಮುಗಿಸ್ಬೇಕು ಅಂತ ಟಾರ್ಗೆಟ್ ಕೊಟ್ಟು ಅವನು ಗಾಡಿ ಓಡಿಸ್ಕೊಂಡು ಹೋದ್ರೆ ಯಾವ ಮಷೀನ್ ಆದ್ರೂ ಅಷ್ಟೇ. ಕಿಲೋಮೀಟರ್ ಲೆಕ್ಕ ಬಿಟ್ಟು ಎಷ್ಟು ಟನ್ ಎತ್ತಿದ್ರು, ಯಾವ ರಸ್ತೆಯಿಂದ ಎತ್ತಿದ್ರು ಅನ್ನೋ ಲೆಕ್ಕ ಇಟ್ರೆ ಅದರಿಂದ ಏನಾದ್ರೂ ತಿಳಿಯತ್ತೆ.

ಇನ್ನು ಮಳೆ. ಸ್ವಲ್ಪ ಲೆಕ್ಕ ಇದೆ, ಸುಲಭದ್ದೇ. ಒಂದು ಹೆಕ್ಟೇರ್ ಜಾಗದ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಸುರೀತಿದೆ ಅಂದ್ಕೊಳಿ. ಎಲ್ಲ ಡಾಂಬರು, ಕಾಂಕ್ರೀಟು, ತಾರಸಿ ಆಗಿದ್ರೆ ನೂರಕ್ಕೆ ತೊಂಬತ್ತು ಭಾಗ ಹರಿದು ಬರತ್ತೆ, ಅಂದ್ರೆ ಸೆಕೆಂಡಿಗೆ ಸುಮಾರು 125 ಲೀಟರ್. ಈ ಲೆಕ್ಕದ ಮೂಲ ಹಳೇದು, ಐರ್ಲೆಂಡಿನ ಮಲ್ವೇನಿ 1851ರಲ್ಲಿ ಹೇಳಿದ್ದು, ಅಮೆರಿಕದ ಕುಯಿಕ್ಲಿಂಗ್ 1889ರಲ್ಲಿ ನಗರದ ಚರಂಡಿಗಳಿಗೆ ಬಳಸಿದ್ದು, ಇವತ್ತಿಗೂ ಸಣ್ಣ ಪ್ರದೇಶಗಳಿಗೆ ಇಂಜಿನಿಯರ್‌ಗಳು ಇದನ್ನೇ ಹಾಕೋದು. ಸೆಕೆಂಡಿಗೆ 125 ಲೀಟರ್, ಅಷ್ಟೂ ನೀರು ಚರಂಡಿ ಒಳಗೆ ಹೋಗ್ಬೇಕಾಗಿರೋದು ರಸ್ತೆ ಅಂಚಲ್ಲಿರೋ ಕೆಲವು ಕಬ್ಬಿಣದ ಜಾಲರಿಗಳ ಮೂಲಕ. ಕೆಳಗೆ ಎಷ್ಟೇ ದೊಡ್ಡ ಪೈಪ್ ಇರ್ಲಿ, ಜಾಲರಿ ಮೇಲೆ ನಾಲ್ಕು ಪ್ಲಾಸ್ಟಿಕ್ ಕವರ್ ಮತ್ತೆ ಒದ್ದೆ ಎಲೆ ಒಂದು ಪದರ ಕೂತ್ರೆ ನೀರಿನ ಪಾಲಿಗೆ ಆ ಪೈಪ್ ಇಲ್ಲ. ಜಾಲರಿ ಅರ್ಧ ಕಟ್ಕೊಂಡಿರತ್ತೆ ಅಂತ ಮೊದಲೇ ಊಹೆ ಮಾಡಿ ಡಿಸೈನ್ ಮಾಡೋ ಪದ್ಧತಿನೇ ಇದೆ, ಅದ್ರಲ್ಲೂ ತಗ್ಗಲ್ಲಿರೋ ಜಾಲರಿಗಳಿಗೆ, ಯಾಕಂದ್ರೆ ಇಳಿಜಾರಲ್ಲಿ ಒಂದು ಜಾಲರಿ ತಪ್ಪಿಸ್ಕೊಂಡ ನೀರು ಮುಂದಿನದಕ್ಕೆ ಹೋಗತ್ತೆ, ತಗ್ಗಿನ ಜಾಲರಿಗೆ ಮುಂದಿನದು ಅಂತ ಒಂದು ಇರಲ್ಲ. ನೀರು ನಿಲ್ಲೋದು ಅಲ್ಲೇ, ಕಸ ಬಂದು ಸೇರೋದೂ ಅಲ್ಲೇ. ಊರಲ್ಲಿ ಹತ್ತು ಸಾವಿರ ಜಾಲರಿ ಇದ್ರೆ ಮಳೆಗೆ ಮುಂಚೆ ಎಲ್ಲವನ್ನೂ ಒಂದೇ ಥರ ನೋಡಕ್ಕೆ ಹೋಗ್ಬೇಡಿ, ಮೊದಲು ತಗ್ಗುಗಳ ಪಟ್ಟಿ ಮಾಡಿ, ಅವಕ್ಕೆ ಹೋಗಿ.

ಆ ಪಟ್ಟಿ ಯಾರ ಹತ್ರ ಇದೆ ಗೊತ್ತಾ? ಗುಡಿಸೋರ ಹತ್ರ. ದಿನಾ ಬೆಳಗ್ಗೆ ಅದೇ ರಸ್ತೆಲಿ ಬಗ್ಗಿ ಕೆಲಸ ಮಾಡೋ ಪೌರಕಾರ್ಮಿಕರಿಗೆ ಮಳೆ ಬಂದ ಮಾರನೇ ದಿನ ಕೆಸರು ಎಲ್ಲಿ ಕೂತಿರತ್ತೆ, ಯಾವ ಜಾಲರಿಯಿಂದ ಗುಳುಗುಳು ಸದ್ದು ಬರತ್ತೆ, ಯಾವ ಚೇಂಬರ್ ಮುಚ್ಚಳ ಕುಸಿದಿದೆ, ಯಾರು ಮನೆ ಕಟ್ಟಿಸ್ತಾ ಮರಳು ರಸ್ತೆಗೆ ಸುರ್ಕೊಂಡಿದಾರೆ, ಎಲ್ಲ ಗೊತ್ತಿರತ್ತೆ. ಅವರನ್ನ ಕೂರಿಸ್ಕೊಂಡು ಕೇಳಿದ ಇಂಜಿನಿಯರ್‌ಗಳು ಕಡಿಮೆ. ಲಕ್ಷಾಂತರ ಕೊಟ್ಟು ಸರ್ವೆ ಮಾಡಿಸೋಕೆ ಮುಂಚೆ ಒಂದು ಬೆಳಗ್ಗೆ ಅವರ ಜೊತೆ ನಡೀರಿ, ವಾರ್ಡ್ ಮ್ಯಾಪ್ ಮೇಲೆ ಅವರ ಕೈಲೇ ಗುರುತು ಹಾಕಿಸಿ. 1895ರಲ್ಲಿ ಜಾರ್ಜ್ ವೇರಿಂಗ್ ಅನ್ನೋ ಇಂಜಿನಿಯರ್ ನ್ಯೂಯಾರ್ಕ್‌ನ ರಸ್ತೆ ಶುಚಿ ವಿಭಾಗದ ಮುಖ್ಯಸ್ಥ ಆದಾಗ ಗುಡಿಸೋರಿಗೆಲ್ಲ ಬಿಳಿ ಸಮವಸ್ತ್ರ ಕೊಟ್ರು, ಇವರು ಊರಿನ ಆರೋಗ್ಯ ಕಾಯೋರು ಅಂತ ಜನಕ್ಕೆ ಗೊತ್ತಾಗ್ಲಿ ಅಂತ, ಅವರನ್ನ ಮೆರವಣಿಗೆಲೂ ಕರ್ಕೊಂಡು ಹೋದ್ರು. ಆ ಗೌರವದ ಜೊತೆಗೆ ನಾನು ಇನ್ನೊಂದು ಸೇರಿಸ್ತೀನಿ, ಚರಂಡಿ ಬಗ್ಗೆ ತೀರ್ಮಾನ ಮಾಡೋ ಮೀಟಿಂಗಲ್ಲಿ ಅವರಿಗೊಂದು ಕುರ್ಚಿ.

ಕಸ ಎತ್ತದೆ ಬಿಟ್ರೆ ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಉದಾಹರಣೆ ಕೊಡ್ತೀನಿ. 2017ರ ಆಗಸ್ಟಲ್ಲಿ ಅಲ್ಲಿ ಜೋರು ಮಳೆಗೆ ಪ್ರವಾಹ ಆಯ್ತು, ಆಮೇಲೆ ನಗರದೋರು ರಸ್ತೆ ಅಂಚಿನ ಹೂಳುಗುಂಡಿಗಳನ್ನ, ಅಂದ್ರೆ ಜಾಲರಿ ಕೆಳಗೆ ಮಣ್ಣು ಕೂರ್ಲಿ ಅಂತ ಇಡೋ ಗುಂಡಿಗಳನ್ನ, ತೆಗೆದು ಕ್ಲೀನ್ ಮಾಡಿಸೋಕೆ ದೊಡ್ಡ ಕಾರ್ಯಕ್ರಮ ಹಾಕ್ಕೊಂಡ್ರು, ಕೆಲವೇ ತಿಂಗಳಲ್ಲಿ 15,000 ಗುಂಡಿ ತೆಗೆಸಿದ್ರು. ಸೇಂಟ್ ಚಾರ್ಲ್ಸ್ ಅವೆನ್ಯೂ ಅನ್ನೋ ರಸ್ತೆಯ ಬರೀ ಐದು ಬ್ಲಾಕ್ ಉದ್ದದಲ್ಲಿ 93,000 ಪೌಂಡ್, ಅಂದ್ರೆ 42 ಟನ್ ಆಗತ್ತೆ, ಅಷ್ಟು ಪ್ಲಾಸ್ಟಿಕ್ ಮಣಿಸರ ಸಿಕ್ತು. ಅಲ್ಲಿ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಲಿ ಜನರ ಕಡೆ ಎಸೀತಾರಲ್ಲ, ಆ ಸರಗಳು. ಪ್ರತಿ ವರ್ಷ ಮೆರವಣಿಗೆ ಮುಗಿದ್ಮೇಲೆ ರಸ್ತೆ ಗುಡಿಸ್ತಾನೇ ಇದ್ರು, ಮೇಲೆ ಎಲ್ಲ ಚೊಕ್ಕಟವಾಗಿ ಕಾಣ್ತಿತ್ತು, ಒಳಗೆ ವರ್ಷ ವರ್ಷ ತುಂಬ್ತಾ ಬಂದಿತ್ತು. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟ ಆಯ್ತು, ಮೆರವಣಿಗೆ ಇರೋ ದಿನಗಳಲ್ಲಿ ಚರಂಡಿ ಬಾಯಿಗೆ ತಾತ್ಕಾಲಿಕವಾಗಿ ತಡೆ ಇಡೋಕೆ ಶುರು ಮಾಡಿದ್ರು, ನೀರು ಹೋಗತ್ತೆ ಸರ ಹೋಗಲ್ಲ. ಕಸ ಯಾವತ್ತು ಜಾಸ್ತಿ ಬೀಳತ್ತೆ ಅಂತ ಗೊತ್ತಿದ್ರೆ ಅವತ್ತಿಗೆ ಬಾಯಿ ಕಾಯೋದು. ಜಾತ್ರೆ, ಸಂತೆ, ಚುನಾವಣೆ ಸಭೆ ಏನೇ ಇದ್ರೂ ಇದೇ ಸೂತ್ರ ನಡಿಯತ್ತೆ.

ಪೈಪ್ ಒಳಗಿನ ಕಥೆನೂ ಕೇಳಿ. ಒಂದು ದುಂಡನೆ ಪೈಪಲ್ಲಿ ಎತ್ತರದ ಮೂರನೇ ಒಂದು ಭಾಗ ಹೂಳು ತುಂಬಿದ್ರೆ ನೀರು ಹೋಗೋ ಜಾಗದಲ್ಲಿ ಶೇಕಡಾ 29ರಷ್ಟು ಹೋಯ್ತು. ಅಷ್ಟೇ ಆಗಿದ್ರೆ ಪರವಾಗಿಲ್ಲ, ಹೂಳಿನ ಮೇಲ್ಮೈ ಒರಟು, ಹರಿವಿನ ವೇಗ ತಗ್ಗತ್ತೆ, ವೇಗ ತಗ್ಗಿದ್ರೆ ಇನ್ನಷ್ಟು ಹೂಳು ಕೂರತ್ತೆ, ಅದು ಇನ್ನೂ ವೇಗ ತಗ್ಗಿಸತ್ತೆ. ನೀರು ಸೆಕೆಂಡಿಗೆ ಮುಕ್ಕಾಲು ಮೀಟರ್ ಹತ್ತಿರ ಹೋಗ್ತಿದ್ರೆ ಮರಳನ್ನ ತಾನೇ ತಳ್ಕೊಂಡು ಹೋಗತ್ತೆ, ಅದಕ್ಕಿಂತ ತೀರಾ ಕಡಿಮೆ ಆದ್ರೆ ಬಿಟ್ಟು ಹೋಗತ್ತೆ. ಅದಕ್ಕೇ ಜಾಲರಿ ಕೆಳಗೆ ಒಂದು ಗುಂಡಿ ಇಡೋದು, ಪೈಪಿನ ಬಾಯಿಗಿಂತ ಆಳಕ್ಕೆ, ಮರಳು ಪೈಪಿಗೆ ಹೋಗೋ ಮುಂಚೆ ಅಲ್ಲಿ ಕೂರ್ಲಿ ಅಂತ. ಗುಂಡಿ ಅರ್ಧ ತುಂಬೋ ಹೊತ್ತಿಗೆ ತೆಗೀಬೇಕು. ತುಂಬಿದ ಗುಂಡಿ ಇದ್ದೂ ಇಲ್ಲದ ಹಾಗೆ, ಮುಂದಿನ ಜೋರು ಮಳೆಗೆ ಹಳೇ ಹೂಳು ಕೂಡ ಕದಡಿ ಪೈಪಿಗೆ ಹೋಗತ್ತೆ.

ಇಲ್ಲಿ ನಿರ್ಮಾಣ ಕೆಲಸದ ಬಗ್ಗೆ ಹೇಳಲೇಬೇಕು. ರಸ್ತೆ ಬದಿ ಸುರಿದ ಮರಳು, ಜಲ್ಲಿ, ತೊಳೆದು ಬಿಟ್ಟ ಸಿಮೆಂಟ್ ಹಾಲು. ಮರಳನ್ನಾದ್ರೂ ತೆಗೀಬಹುದು, ಸಿಮೆಂಟು ಪೈಪಲ್ಲಿ ಗಟ್ಟಿ ಆದ್ರೆ ಒಡೆದೇ ತೆಗೀಬೇಕು. ಜೊತೆಗೆ ಚರಂಡಿ ಮಧ್ಯದಲ್ಲೇ ಅಡ್ಡ ಹಾಯಿಸಿದ ನೀರಿನ ಪೈಪು, ಕೇಬಲ್ಲು, ಒಂದೊಂದಕ್ಕೂ ಬಟ್ಟೆ, ಕವರ್ ಸುತ್ಕೊಂಡು ಅಣೆಕಟ್ಟು ಆಗತ್ತೆ. ಇವುಗಳಿಗೆ ದಂಡ ಹಾಕೋ ಅಧಿಕಾರ ಇರೋರು ಹಾಕ್ಬೇಕು, ಇದ್ರಲ್ಲಿ ಮುಲಾಜು ನೋಡಿದ್ರೆ ಅದರ ಕೂಲಿ ಕೊಡೋದು ಒಳಗಿಳಿದು ತೆಗೆಯೋ ಕಾರ್ಮಿಕ.

ಒಳಗಿಳಿಯೋದು ಅಂದಾಗ. ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ. ಮಳೆನೀರು ಚರಂಡಿ ತಾನೇ, ಒಳಚರಂಡಿ ಅಲ್ವಲ್ಲ ಅಂತ ಸಲೀಸಾಗಿ ಇಳಿಸ್ತಾರೆ. ಎಲೆ, ಕಸ ಕೊಳೆತ ಕಡೆ ಆಮ್ಲಜನಕ ಕಡಿಮೆ ಆಗತ್ತೆ, ಕೊಳಚೆನೀರು ಸೇರಿದ್ರೆ ಹೈಡ್ರೋಜನ್ ಸಲ್ಫೈಡ್ ಬರತ್ತೆ. ಮೊದಲು ಕೊಳೆತ ಮೊಟ್ಟೆ ವಾಸನೆ, ಆದ್ರೆ ಹತ್ತು ಲಕ್ಷ ಭಾಗ ಗಾಳಿಲಿ 100 ಭಾಗ ಮುಟ್ಟೋ ಹೊತ್ತಿಗೆ ಮೂಗಿಗೆ ವಾಸನೆ ಹಿಡಿಯೋ ಶಕ್ತಿನೇ ಹೋಗತ್ತೆ, ವಾಸನೆ ನಿಂತಿತಲ್ಲ ಅಂದ್ಕೊಳೋ ಹೊತ್ತಲ್ಲೇ ಅಪಾಯ ಇರೋದು. ಒಬ್ರು ಬಿದ್ರೆ ಎತ್ತಕ್ಕೆ ಇನ್ನೊಬ್ರು ಇಳೀತಾರೆ, ಅವರೂ ಬೀಳ್ತಾರೆ. ಜೋರಾಗಿ ನೀರು ಚಿಮ್ಮಿಸೋ ಜೆಟ್ಟಿಂಗ್ ಮಷೀನ್, ಹೂಳು ಹೀರಿಕೊಳ್ಳೋ ಮಷೀನ್ ಇರೋದು ಇದಕ್ಕೇ, ಮೇಲೆ ನಿಂತೇ ಕೆಲಸ ಆಗ್ಲಿ ಅಂತ. ರಸ್ತೆ ಅಂಚನ್ನ ಒಣಗಿದ್ದಾಗ ಸರಿಯಾಗಿ ಗುಡಿಸಿದ್ರೆ ಆ ಗುಂಡಿ ತೆರೆಯೋ ಸಂದರ್ಭಗಳೇ ಕಡಿಮೆ ಆಗ್ತವೆ, ನಾನು ಗುಡಿಸೋದಕ್ಕೆ ಇಷ್ಟು ಒತ್ತು ಕೊಡೋದಕ್ಕೆ ಮುಖ್ಯ ಕಾರಣ ಇದು.

ಯಾವಾಗ ಗುಡಿಸ್ಬೇಕು ಅನ್ನೋದು ಎಷ್ಟು ಸಲ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ಮಳೆ ವಾರಕ್ಕೆರಡು ಸಲ ಬರ್ತಿದ್ದು ನೀವು ತಿಂಗಳಿಗೆ ಒಂದು ಸಲ ಗುಡಿಸಿದ್ರೆ ರಸ್ತೆ ಗುಡಿಸ್ತಿರೋದು ಮಳೆ, ನೀವಲ್ಲ, ಮಳೆ ಗುಡಿಸಿದ್ದೆಲ್ಲ ಚರಂಡಿಗೆ. ಉದ್ದ ಒಣ ದಿನಗಳಾದ್ಮೇಲೆ ಬರೋ ಮೊದಲನೇ ಮಳೆ ತಿಂಗಳುಗಟ್ಟಲೆ ಕೂಡಿದ್ದನ್ನ ಒಂದೇ ಏಟಿಗೆ ಒಯ್ಯತ್ತೆ, ಹಾಗಾಗಿ ಮಳೆಗಾಲಕ್ಕೆ ಮುಂಚಿನ ವಾರಗಳಲ್ಲಿ ಜನ, ಮಷೀನು ಎಲ್ಲ ಅಂಚಿಗೆ ಹಾಕ್ಬೇಕು. ಎಲೆ ಉದುರೋ ಕಾಲವೂ ಹಾಗೇ. ಅಮೆರಿಕದ ಮ್ಯಾಡಿಸನ್ ಊರಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯೋರು ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಎಲೆ ಉದುರೋ ಕಾಲದಲ್ಲಿ ಮಳೆಗೆ ಮುಂಚೆನೇ ಎಲೆಗಳನ್ನ ಎತ್ತಿಸಿದ್ರು, ಮಳೆನೀರಲ್ಲಿ ಹೋಗೋ ರಂಜಕ ಶೇಕಡಾ 84 ಕಡಿಮೆ ಆಯ್ತು, ಸಾರಜನಕ ಶೇಕಡಾ 74. ಕೆರೆಲಿ ಪಾಚಿ ಬೆಳೆಸೋದು ಇವೆರಡೇ. ಚಹಾ ಸೊಪ್ಪು ಬಿಸಿನೀರಲ್ಲಿ ಬಿಡೋ ಹಾಗೆ ಒದ್ದೆ ಎಲೆಯಿಂದ ಅವು ನೀರಿಗೆ ಇಳೀತವೆ, ಇಳಿದ ಮೇಲೆ ಎಲೆ ಎತ್ತಿ ಪ್ರಯೋಜನ ಇಲ್ಲ. ಟೈರ್ ಧೂಳಿನ ವಿಷಯವೂ ಇದೇ, ಟೈರಿಗೆ ಹಾಕೋ 6ಪಿಪಿಡಿ ಅನ್ನೋ ರಾಸಾಯನಿಕ ಓಝೋನ್ ಜೊತೆ ಸೇರಿ ಆಗೋ ಪದಾರ್ಥ ಮಳೆನೀರಲ್ಲಿ ಹೊಳೆ ಸೇರಿ ಕೋಹೋ ಸಾಲ್ಮನ್ ಮೀನುಗಳನ್ನ ಕೊಲ್ತಿದೆ ಅಂತ 2020ರಲ್ಲಿ ಗೊತ್ತಾಯ್ತು. ಆ ಧೂಳೂ ಕೂರೋದು ಅದೇ ಒಂದು ಮೀಟರ್ ಒಳಗೆ.

ಇನ್ನು ಪ್ರಶ್ನೆಗಳು.

ಒಬ್ರು ಕೇಳಿದ್ರು, ಇಷ್ಟೆಲ್ಲ ಯಾಕೆ, ದೊಡ್ಡ ಚರಂಡಿ ಕಟ್ಟಿದ್ರೆ ಮುಗೀತಲ್ಲ ಅಂತ. ಕೆಲವು ಕಡೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ದೊಡ್ಡ ಪೈಪಲ್ಲಿ ಸಣ್ಣ ಮಳೆಯ ನೀರು ತೆಳ್ಳಗೆ, ನಿಧಾನಕ್ಕೆ ಹರಿಯತ್ತೆ, ಹಾಗಾಗಿ ಹೂಳು ಇನ್ನೂ ಬೇಗ ಕೂರತ್ತೆ, ನಿರ್ವಹಣೆ ಕಡಿಮೆ ಆಗಲ್ಲ. ಇನ್ನೊಂದು, ಯಾವ ಪೈಪೂ ಎಲ್ಲ ಮಳೆಗೂ ಸಾಲಲ್ಲ. 2011ರ ಜುಲೈ 2ಕ್ಕೆ ಕೋಪನ್‌ಹೇಗನ್‌ನಲ್ಲಿ ಎರಡು ಗಂಟೆಲಿ 150 ಮಿಲಿಮೀಟರ್ ಹತ್ರ ಮಳೆ ಬಿತ್ತು. ಆಮೇಲೆ ಅವರು ಮಾಡಿದ ಯೋಜನೆಲಿ ಕೆಲವು ರಸ್ತೆಗಳನ್ನೇ ನೀರು ಹರಿಯೋ ದಾರಿಗಳಾಗಿ ರೂಪಿಸಕ್ಕೆ ಹೊರಟ್ರು. ರಸ್ತೆನೇ ಚರಂಡಿ ಆದಾಗ ಗುಡಿಸೋದು ಇನ್ನೂ ಮುಖ್ಯ ಆಗತ್ತಲ್ವಾ.

ಇನ್ನೊಬ್ಬ ಮೇಡಂ ಸೊಳ್ಳೆ ಬಗ್ಗೆ ಕೇಳಿದ್ರು. ಹೂಳುಗುಂಡಿಲಿ ನೀರು ನಿಂತ್ರೆ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡತ್ತೆ, ಬೆಚ್ಚಗಿದ್ರೆ ಏಳರಿಂದ ಹತ್ತು ದಿನದಲ್ಲಿ ಹಾರೋ ಸೊಳ್ಳೆ ಆಗತ್ತೆ. ಹೂಳು, ಕಸ ತೆಗೆದು ನೀರು ಇಂಗೋ ಹಾಗೆ ಮಾಡಿದ್ರೆ ಬಹಳ ಮಟ್ಟಿಗೆ ತಪ್ಪತ್ತೆ, ಇಂಗಕ್ಕೆ ಸಾಧ್ಯ ಇಲ್ಲದ ಕಡೆ ಲಾರ್ವಾ ಸಾಯಿಸೋ ಔಷಧಿ ಹಾಕ್ಬೇಕು. ಬರೀ ಹೊಗೆ ಬಿಟ್ರೆ ಹಾರಾಡ್ತಿರೋವಷ್ಟೇ ಸಾಯೋದು.

ನಾವು ಮನೆಯೋರು ಏನ್ ಮಾಡ್ಬಹುದು ಅಂತ ಒಬ್ಬ ಹುಡುಗ ಕೇಳಿದ. ಮನೆ ಹತ್ರದ ಒಂದು ಜಾಲರಿನ ನಿಮ್ಮದು ಅಂದ್ಕೊಳಿ. ಅಮೆರಿಕದ ಹಲವು ನಗರಗಳಲ್ಲಿ ಚರಂಡಿ ದತ್ತು ತಗೊಳೋ ಯೋಜನೆಗಳಿವೆ, ಜನ ತಮ್ಮ ಜಾಲರಿಗೆ ಆನ್‌ಲೈನಲ್ಲಿ ಹೆಸರು ಬರೆಸ್ಕೊಂಡು ಮಳೆಗೆ ಮುಂಚೆ ಮೇಲಿನ ಎಲೆ, ಕಸ ತೆಗೀತಾರೆ. ಮೇಲಿಂದು ಮಾತ್ರ ತೆಗೀರಿ, ಕುಂಟೆಯಿಂದ, ಕೈಗೆ ಗ್ಲೌಸ್ ಹಾಕ್ಕೊಂಡು. ಜಾಲರಿ ಎತ್ತಕ್ಕೆ ಹೋಗ್ಬೇಡಿ, ನೀರು ಹರೀತಿರೋವಾಗ ಹತ್ರ ಹೋಗ್ಲೇಬೇಡಿ. ತೆಗೆದಿದ್ದನ್ನ ಬುಟ್ಟಿಗೆ ಹಾಕಿ, ರಸ್ತೆ ಪಕ್ಕಕ್ಕೆ ಸರಿಸಿದ್ರೆ ಮತ್ತೆ ಅಲ್ಲಿಗೇ ಬರತ್ತೆ. ಗುಡಿಸೋರು ಗುಡ್ಡೆ ಹಾಕಿದ್ದನ್ನ ಗಾಡಿಯೋರು ಅವತ್ತೇ ಎತ್ತಿಲ್ಲ ಅಂದ್ರೆ ಫೋಟೋ ತೆಗೆದು ದೂರು ಕೊಡಿ, ದೂರು ಗಾಡಿ ಬರದೇ ಇದ್ದಿದ್ದರ ಮೇಲೆ ಇರ್ಲಿ, ಗುಡಿಸಿದೋರ ಮೇಲೆ ಬೇಡ.

ಕೊನೇ ಪ್ರಶ್ನೆ ನಿವೃತ್ತ ಇಂಜಿನಿಯರ್ ಒಬ್ರದ್ದು, ತೆಗೆದ ಹೂಳನ್ನ ಏನ್ ಮಾಡೋದು ಸರ್ ಅಂತ. ಬಹಳ ಕಡೆ ಚರಂಡಿ ದಡದಲ್ಲೇ ಒಣಗಕ್ಕೆ ಬಿಡ್ತಾರೆ, ವಾರಗಟ್ಟಲೆ, ಮಳೆ ಬಂದ್ರೆ ಮತ್ತೆ ಒಳಗೆ, ಇಡೀ ಕೆಲಸ ದಂಡ. ಒಂದೆರಡು ದಿನದಲ್ಲಿ ಎತ್ತಲೇಬೇಕು ಅಂತ ಕಾಂಟ್ರ್ಯಾಕ್ಟಲ್ಲೇ ಬರೀಬೇಕು, ತೂಕದ ಚೀಟಿ ಇಲ್ಲದೆ ಬಿಲ್ ಪಾಸ್ ಮಾಡ್ಬಾರದು. ಕೆಲಸ ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರ್ಬೇಕು, ಇಲ್ಲಾಂದ್ರೆ ಮೇಲೆ ಬಿಡಿಸಿದ್ದು ಕೆಳಗೆ ಹೋಗಿ ಕಟ್ಕೊಳತ್ತೆ. ಎತ್ತಿದ ಹೂಳನ್ನ ನೀರು ಬಸಿಯೋ ಕಟ್ಟೆ ಮೇಲೆ ಹಾಕಿ, ಬಸಿದ ನೀರು ಮತ್ತೆ ಮಳೆನೀರು ಚರಂಡಿಗೆ ಬಿಡದೆ ಶುದ್ಧೀಕರಣ ಘಟಕಕ್ಕೆ ಕಳಿಸ್ಬೇಕು, ಒಣಗಿದ್ಮೇಲೆ ಜರಡಿ ಹಿಡಿದು ಪ್ಲಾಸ್ಟಿಕ್, ಎಲೆ, ಮರಳು ಬೇರೆ ಮಾಡ್ಬೇಕು. ದಪ್ಪ ಮರಳನ್ನ ಪರೀಕ್ಷೆ ಮಾಡಿಸಿ ಹಳ್ಳ ತುಂಬಕ್ಕೆ, ರಸ್ತೆ ಕೆಳಪದರಕ್ಕೆ ಬಳಸ್ಬಹುದು. ನುಣುಪು ಭಾಗನ ಮಾತ್ರ ಗೊಬ್ಬರ ಅಂತ ಹೊಲಕ್ಕೋ ಪಾರ್ಕಿಗೋ ಹಾಕ್ಬೇಡಿ, ಲೋಹಗಳೆಲ್ಲ ಕೂತಿರೋದು ಅದರಲ್ಲೇ, ಲ್ಯಾಬ್ ವರದಿ ಬರೋ ತನಕ ಅದನ್ನ ಮುಚ್ಚಿದ ಜಾಗದಲ್ಲೇ ಇಡ್ಬೇಕು.